ಗುಮಾಸ್ತನಿಗೆ ಗೊತ್ತಿರುವ ಗುಟ್ಟು

ಓದುವ ಚಟ ಇರುವವರಲ್ಲಿ ಕೆಲವರ ರುಚಿ ವಿಚಿತ್ರ. ಪತ್ರಿಕೆ ಕೈಗೆ ಬಂದ ಕೂಡಲೇ ಮುಖಪುಟ ಬಿಟ್ಟು ಟೆಂಡರ್ ಪ್ರಕಟಣೆಗೆ ಹಾರುವವರನ್ನು ನಾನು ಬಲ್ಲೆ. ನಮ್ಮ ಸೋದರತ್ತೆಯೊಬ್ಬರು ಹೆಸರು ಬದಲಾವಣೆಯ ಅಫಿಡವಿಟ್ ಜಾಹೀರಾತುಗಳನ್ನು ಧಾರಾವಾಹಿಯ ಹಾಗೆ ಚಪ್ಪರಿಸಿಕೊಂಡು ಓದುತ್ತಿದ್ದರು. ‘ಸರೋಜಮ್ಮ ಈಗ ಸರೋಜಿನಿ ಆಗಿದಾಳೆ ನೋಡು, ಮಗ ಫಾರಿನ್ನಿಗೆ ಕರೆಸಿಕೊಳ್ತಿರಬೇಕು’ ಎಂದು ಎರಡು ಸಾಲಿನಿಂದ ಇಡೀ ಸಂಸಾರವನ್ನೇ ಕಟ್ಟಿ ನಿಲ್ಲಿಸುತ್ತಿದ್ದರು. ಆ ರಕ್ತ ನನ್ನಲ್ಲೂ ಸ್ವಲ್ಪ ಹರಿಯುತ್ತಿರಬೇಕು. ನನ್ನ ಈಚಿನ ಚಟವೆಂದರೆ, ಇನ್ನೂ ಹುಟ್ಟದ ಫೋನುಗಳ ಬಗ್ಗೆ ಸರ್ಕಾರಿ ಕಡತಗಳಲ್ಲಿ ಏನೇನು ಬರೆದಿದೆ ಎಂದು ಹುಡುಕಿ ಓದುವುದು.

ಚಟ ಹತ್ತಿಸಿದವನು ಅಕ್ಕನ ಮಗ. ಅವನು ಫೋನುಗಳ ವಿಷಯ ಮಾತಾಡಲು ಕೂತರೆ ವಾಕ್ಯಗಳೆಲ್ಲ ಭವಿಷ್ಯತ್ಕಾಲದಲ್ಲೇ ಇರುತ್ತವೆ. ಕೈಯಲ್ಲಿರುವ ಫೋನು ಅವನ ಪಾಲಿಗೆ ಸತ್ತ ಹಾಗೆ, ಬರಲಿರುವುದೇ ನಿಜವಾದ ಫೋನು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದು, ‘ಮಾವ, ನಂಬರು ಬಂತು!’ ಅಂದ. ಯಾವುದೋ ಪರೀಕ್ಷೆಯ ಫಲಿತಾಂಶ ಇರಬೇಕೆಂದು ನಾನು, ‘ಎಷ್ಟು ಬಂತಪ್ಪಾ?’ ಎಂದು ಅಕ್ಕರೆಯಿಂದ ಕೇಳಿದೆ. ‘ಎಸ್‌ಎಂ-ಎಸ್‌931ಬಿ ಸ್ಲ್ಯಾಶ್ ಡಿಎಸ್’ ಎಂದ. ಅಡುಗೆಮನೆಯಿಂದ ಅಕ್ಕ, ‘ಅವನ ಮಾತಿಗೆ ನೀನು ಕಿವಿ ಕೊಡಬೇಡ ಕಣೋ’ ಎಂದು ಎಚ್ಚರಿಸಿದಳು. ಅಷ್ಟರಲ್ಲಿ ತಡವಾಗಿತ್ತು.

ಫೋನು ಮಾಡುವ ಕಂಪನಿಗಳು ಗುಟ್ಟು ಕಾಯುವ ಬಗೆಯನ್ನು ಕೇಳಿದರೆ ನಮ್ಮ ಹಳೆಯ ಅರಮನೆಗಳ ಖಜಾನೆ ಏನೇನೂ ಅಲ್ಲ. ಎಂಜಿನಿಯರುಗಳಿಂದ ಕರಾರು ಬರೆಸಿಕೊಳ್ಳುತ್ತಾರೆ. ಒಂದೇ ಕಟ್ಟಡದಲ್ಲಿ ಕೂತು ಒಂದೇ ಯಂತ್ರಕ್ಕೆ ದುಡಿಯುವ ಇಬ್ಬರಿಗೆ ಪರಸ್ಪರ ಏನು ಮಾಡುತ್ತಿದ್ದೇವೆಂದು ಗೊತ್ತಿರುವುದಿಲ್ಲ. ಹೊಸ ಫೋನನ್ನು ಹಳೆಯ ಫೋನಿನ ವೇಷ ತೊಡಿಸಿ ಬೀದಿಗೆ ಒಯ್ಯುತ್ತಾರೆ. ಹಾಗೆ ವೇಷ ತೊಟ್ಟು ಹೊರಟ ಐಫೋನ್ 4 ಒಂದನ್ನು 2010ರಲ್ಲಿ ಕ್ಯಾಲಿಫೋರ್ನಿಯಾದ ಬಿಯರ್ ಅಂಗಡಿಯೊಂದರಲ್ಲಿ ಮರೆತು ಬಂದದ್ದು ಜಗತ್ತಿಗೆಲ್ಲ ಟಾಂಟಾಂ ಆಯಿತು. ಆದರೆ ಬಿಯರ್ ಅಂಗಡಿಯ ಸುದ್ದಿ ಅಪರೂಪ. ಇಂಥ ಗುಟ್ಟುಗಳು ಸಾಮಾನ್ಯವಾಗಿ ರಟ್ಟಾಗುವುದು ಸರ್ಕಾರದ ಕಚೇರಿಯಲ್ಲಿ, ಅದೂ ಕಂಪನಿಯೇ ಸ್ವಹಸ್ತದಿಂದ ತುಂಬಿ ರುಜು ಹಾಕಿ ಕೊಟ್ಟ ಅರ್ಜಿಯಿಂದ.

ನಮ್ಮ ಕಡೆ ಹೆಣ್ಣಿನ ಮನೆಯವರು ಸಂಬಂಧ ಕುದುರಿದ್ದನ್ನು ಎಷ್ಟೇ ಮುಚ್ಚಿಡಲಿ, ಛತ್ರದ ಬುಕಿಂಗ್ ಪುಸ್ತಕದಲ್ಲಿ ತಾರೀಖು, ಹೆಸರು, ಊಟದ ಎಲೆಗಳ ಲೆಕ್ಕ ಬರೆಸಲೇಬೇಕು. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಛತ್ರದ ಮ್ಯಾನೇಜರಿಗೆ ಎಲ್ಲವೂ ಗೊತ್ತು. ಫೋನಿಗೂ ಅಂಥ ಪುಸ್ತಕಗಳುಂಟು. ಒಂದಲ್ಲ, ದೇಶಕ್ಕೊಂದು.

ಇವುಗಳಲ್ಲೆಲ್ಲ ದೊಡ್ಡ ಪುಸ್ತಕ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನದು, ಅಂದರೆ ಎಫ್‌ಸಿಸಿಯದು. 1934ರ ಕಾನೂನಿನಿಂದ ಹುಟ್ಟಿದ ಈ ಸಂಸ್ಥೆಯ ಕೆಲಸಗಳಲ್ಲಿ ಒಂದು, ಆಕಾಶದಲ್ಲಿ ರೇಡಿಯೊ ಅಲೆಗಳು ಒಂದರ ಮೇಲೊಂದು ಬಿದ್ದು ಜಗಳವಾಡದಂತೆ ನೋಡಿಕೊಳ್ಳುವುದು. ಈಗಂತೂ ಅಲೆ ಹೊರಡಿಸದ ವಸ್ತುವೇ ಮನೆಯಲ್ಲಿಲ್ಲ. ಫೋನು, ಗಡಿಯಾರ, ಕಿವಿಗೆ ತುರುಕಿಕೊಳ್ಳುವ ಇಯರ್‌ಬಡ್ಡು, ಕರೆಗಂಟೆ, ತಕ್ಕಡಿ, ಹಲ್ಲುಜ್ಜುವ ಬ್ರಷ್ಷು. ಇವೆಲ್ಲವೂ ಪ್ರಯೋಗಾಲಯಕ್ಕೆ ಹೋಗಿ, ಅಳತೆ ಕೊಟ್ಟು, ಎಫ್‌ಸಿಸಿ ಐಡಿ ಎಂಬ ಗುರುತು ಪಡೆದ ಮೇಲೆಯೇ ಅಮೆರಿಕದ ಅಂಗಡಿ ಮೆಟ್ಟಿಲು ಹತ್ತಬೇಕು. ಗುರುತಿನ ಮೊದಲ ಅಕ್ಷರಗಳು ಕಂಪನಿಯವು. ಬಿಸಿಜಿ ಅಂದರೆ ಆ್ಯಪಲ್, ಎ3ಎಲ್ ಅಂದರೆ ಸ್ಯಾಮ್‌ಸಂಗ್. ಹೆಸರು ಕೇಳಿದರೆ ಗೋತ್ರ ಹೇಳುವವರಂತೆ ನನ್ನ ಸೋದರಳಿಯ ಇವನ್ನು ಪಟಪಟನೆ ಒಪ್ಪಿಸುತ್ತಾನೆ.

ಈ ಎಫ್‌ಸಿಸಿಯ ನಿಯಮಾವಳಿಯ 15ನೇ ಭಾಗದ ಸಾರವನ್ನು ನಿಮ್ಮ ಮನೆಯ ಎಷ್ಟೋ ವಸ್ತುಗಳ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಒಂದು, ಈ ಉಪಕರಣ ಬೇರೆಯವರಿಗೆ ಹಾನಿಕರ ತೊಂದರೆ ಕೊಡಕೂಡದು. ಎರಡು, ಬೇರೆಯವರಿಂದ ಬರುವ ಯಾವ ತೊಂದರೆಯನ್ನೂ ಇದು ತಾಳಿಕೊಳ್ಳಬೇಕು, ಅದರಿಂದ ತನ್ನ ಕೆಲಸ ಕೆಟ್ಟರೂ ಸರಿಯೇ. ವಾಷಿಂಗ್ಟನ್ನಿನ ಯಾವ ಪುಣ್ಯಾತ್ಮ ಬರೆದನೋ, ಮಠದ ಗೋಡೆಯ ಮೇಲೆ ಬರೆಸಲು ಯೋಗ್ಯವಾದ ಮಾತು. ಸಾಧುಸಂತರಿಂದಲೂ ಪಾಲಿಸಲಾಗದ ಈ ವ್ರತವನ್ನು ನೂರೈವತ್ತು ರೂಪಾಯಿಯ ವೈರ್‌ಲೆಸ್ ಮೌಸು ಚಕಾರವೆತ್ತದೆ ಒಪ್ಪಿಕೊಂಡಿದೆ.

ಎಫ್‌ಸಿಸಿಯ ಪುಸ್ತಕ ಎಷ್ಟು ಅಪಾಯಕಾರಿ ಎಂಬುದು ಸ್ಟೀವ್ ಜಾಬ್ಸ್‌ಗೆ ಚೆನ್ನಾಗಿ ಗೊತ್ತಿತ್ತು. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಮೊದಲ ಐಫೋನನ್ನು ಜೇಬಿನಿಂದ ತೆಗೆದು ತೋರಿಸಿದರು. ಅದು ಅಂಗಡಿಗೆ ಬಂದದ್ದು ಜೂನ್ 29ರಂದು. ಗುಟ್ಟಿನ ಮನುಷ್ಯ ಸುಮಾರು ಆರು ತಿಂಗಳು ಮೊದಲೇ ಯಾಕೆ ಬಾಯಿಬಿಟ್ಟರು? ಕಾರಣವನ್ನು ಅವರೇ ವೇದಿಕೆಯ ಮೇಲೆ ಹೇಳಿದರು: ಎಫ್‌ಸಿಸಿ ಅನುಮತಿಗೆ ಕೆಲವು ತಿಂಗಳು ಬೇಕು, ನಮ್ಮ ಫೋನನ್ನು ಜನರಿಗೆ ಪರಿಚಯಿಸುವ ಕೆಲಸವನ್ನು ಎಫ್‌ಸಿಸಿಗೆ ಬಿಡುವುದಕ್ಕಿಂತ ನಾವೇ ಪರಿಚಯಿಸುವುದು ಮೇಲು ಅನ್ನಿಸಿತು, ಎಂದು. ಸಭೆ ನಕ್ಕಿತು. ಆ ಕಾಲದ ಅತಿ ದೊಡ್ಡ ಘೋಷಣೆಯ ಮುಹೂರ್ತ ಇಟ್ಟವನು ಒಬ್ಬ ಅಜ್ಞಾತ ಗುಮಾಸ್ತ ಎಂಬ ಸಂಗತಿ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಅಮೆಜಾನ್ ಅಷ್ಟು ಹುಷಾರಾಗಿರಲಿಲ್ಲ. ಕಿಂಡಲ್ ಎಂಬ ಪುಸ್ತಕ ಓದುವ ಯಂತ್ರ ಮಾರುಕಟ್ಟೆಗೆ ಬಂದದ್ದು 2007ರ ನವೆಂಬರಿನಲ್ಲಿ. ಅದರ ಚಿತ್ರ, ಹೆಸರು, ವಿವರ ಎಲ್ಲವೂ 2006ರ ಸೆಪ್ಟೆಂಬರಿನಲ್ಲೇ ಎಫ್‌ಸಿಸಿ ಕಡತದಲ್ಲಿ ಸಿಕ್ಕಿಬಿದ್ದಿದ್ದವು. ಬಿಡುಗಡೆಗೆ ಒಂದು ವರ್ಷಕ್ಕೂ ಮೊದಲೇ ಜನ ಅದನ್ನು ನೋಡಿ ಆಡಿಕೊಂಡದ್ದೂ ಆಗಿತ್ತು. ಪಾಠ ಕಲಿತ ಅಮೆಜಾನ್ ಆಮೇಲೆ ಯಾರೂ ಕೇಳಿರದ ಹೆಸರಿನ ಕಾಗದದ ಕಂಪನಿಗಳನ್ನು ಹುಟ್ಟಿಸಿ ಅವುಗಳ ಮೂಲಕ ಅರ್ಜಿ ಹಾಕಿಸುವ ರೂಢಿ ಮಾಡಿಕೊಂಡಿತು. ಬೇನಾಮಿ ನಮ್ಮೂರಿನ ಜಮೀನಿಗೆ ಮಾತ್ರ ಎಂದುಕೊಂಡಿದ್ದೆ, ಮಾತಾಡುವ ಸ್ಪೀಕರಿಗೂ ಉಂಟು.

ಹಾಗಂತ ಎಫ್‌ಸಿಸಿ ಪೂರಾ ನಿರ್ದಯಿಯಲ್ಲ. ಗುಟ್ಟಿನಲ್ಲಿ ಅದು ಎರಡು ತರಗತಿ ಮಾಡಿದೆ. ಸರ್ಕ್ಯೂಟಿನ ನಕ್ಷೆ, ಕೆಲಸ ಮಾಡುವ ವಿಧಾನದ ವಿವರಣೆ ಇಂಥವನ್ನು ಕಂಪನಿ ಕೇಳಿಕೊಂಡರೆ ಶಾಶ್ವತವಾಗಿ ಬೀಗ ಹಾಕಿಡುತ್ತಾರೆ. ಹೊರಗಿನ ಫೋಟೊ, ಒಳಗಿನ ಫೋಟೊ, ಬಳಕೆದಾರರ ಕೈಪಿಡಿ ಇವಕ್ಕೆ 180 ದಿನದವರೆಗೆ ಮಾತ್ರ ಮರೆ. ಅವಧಿ ಮುಗಿದ ದಿನ ತೆರೆ ಸರಿಯುತ್ತದೆ. ಅಷ್ಟು ಹೊತ್ತಿಗೆ ಫೋನು ಹಳತಾಗಿ, ನೋಡುವವರೇ ಇರುವುದಿಲ್ಲ ಎಂದು ಕಂಪನಿಯ ಲೆಕ್ಕ. ಆದರೆ ನಮ್ಮಂಥವರು ಇರುತ್ತೇವೆ. ಐಫೋನ್ ಎಕ್ಸ್ ಬಿಡುಗಡೆಯಾದದ್ದು 2017ರಲ್ಲಿ, ಬೆಳ್ಳಿ ಮತ್ತು ಬೂದು ಎರಡೇ ಬಣ್ಣದಲ್ಲಿ. ಮರುವರ್ಷ ಮರೆಯ ಗಡುವು ಮುಗಿದು ಎಫ್‌ಸಿಸಿ ಫೋಟೊಗಳು ಹೊರಬಂದಾಗ ನೋಡಿದರೆ, ಪರೀಕ್ಷೆಗೆ ಕಳಿಸಿದ್ದ ಫೋನು ಚಿನ್ನದ ಬಣ್ಣದ್ದು! ಅಂಗಡಿಯಲ್ಲಿ ಎಂದೂ ಮಾರದ ಬಣ್ಣ. ಮಾಡಲು ಹೊರಟು ಕೈಬಿಟ್ಟದ್ದು ಅರ್ಜಿಯ ಮೂಲೆಯಲ್ಲಿ ಹಾಗೇ ಉಳಿದುಕೊಂಡಿತ್ತು. ಇನ್ನು ಶಾಶ್ವತ ಬೀಗದ ಕಥೆ: 2025ರಲ್ಲಿ ಐಫೋನ್ 16ಇ ಮಾದರಿಯ ನೂರಕ್ಕೂ ಹೆಚ್ಚು ಪುಟದಷ್ಟು ಸರ್ಕ್ಯೂಟ್ ನಕ್ಷೆ ಎಫ್‌ಸಿಸಿ ಕಡೆಯಿಂದಲೇ ಕೈತಪ್ಪಿ ಹೊರಬಿತ್ತು. ಬೀಗ ಗಟ್ಟಿಯಾಗಿಯೇ ಇತ್ತು, ಬಾಗಿಲು ಹಾಕಲು ಮರೆತಿದ್ದರು.

ಎಫ್‌ಸಿಸಿ ಕಡತದ ಫೋಟೊಗಳನ್ನು ಒಮ್ಮೆ ನೋಡಬೇಕು. ಜಾಹೀರಾತಿನಲ್ಲಿ ಮೋಡದ ಮೇಲೆ ತೇಲುವ, ಬೆಳಕು ಸೂಸುವ ಅದೇ ಫೋನು ಇಲ್ಲಿ ಮಂಕು ಹಿನ್ನೆಲೆಯ ಮೇಲೆ ಅಂಗಾತ ಬಿದ್ದಿರುತ್ತದೆ. ಪಕ್ಕದಲ್ಲಿ ಒಂದು ಅಡಿಪಟ್ಟಿ. ಮುಂದಿನ ಪುಟದಲ್ಲಿ ಹೊಟ್ಟೆ ಬಗೆದು ಬ್ಯಾಟರಿ ಒಂದು ಕಡೆ, ಬೋರ್ಡು ಒಂದು ಕಡೆ. ವಿಶೇಷಣ ಒಂದೂ ಇಲ್ಲ. ‘ಅದ್ಭುತ’, ‘ಹಿಂದೆಂದೂ ಕಾಣದ’, ‘ನಿಮ್ಮ ಬದುಕನ್ನೇ ಬದಲಿಸುವ’ ಇತ್ಯಾದಿ ಯಾವುದೂ ಇಲ್ಲದೆ, ಇಂತಿಷ್ಟು ಮೆಗಾಹರ್ಟ್ಸ್, ಇಂತಿಷ್ಟು ಮಿಲಿವ್ಯಾಟ್. ಕಂಪನಿಗಳ ಬರವಣಿಗೆಯಲ್ಲಿ ನಾನು ನಂಬುವುದು ಇದೊಂದನ್ನೇ. ಸುಳ್ಳು ಹೇಳಿದರೆ ದಂಡ ಬೀಳುತ್ತದೆ ಎಂಬ ಭಯದಲ್ಲಿ ಬರೆದ ಗದ್ಯಕ್ಕೆ ಒಂದು ಶುಚಿತ್ವ ಬಂದುಬಿಡುತ್ತದೆ.

ಆ ಮೆಗಾಹರ್ಟ್ಸ್‌ಗಳ ನಡುವೆಯೇ ಸುಳಿವು ಅಡಗಿರುವುದು. 2020ರ ಕೊನೆಗೆ ಸ್ಯಾಮ್‌ಸಂಗ್ ಫೋನೊಂದರ ಎಫ್‌ಸಿಸಿ ವರದಿಯಲ್ಲಿ ಅದು ಎಸ್ ಪೆನ್ ಎಂಬ ಕಡ್ಡಿಯ ಜೊತೆ ಕೆಲಸ ಮಾಡುವ ಪರೀಕ್ಷೆಯ ಪ್ರಸ್ತಾಪವಿತ್ತು. ಫೋನುಗಳ ಮಟ್ಟಿಗೆ ಆ ಕಡ್ಡಿ ಅಲ್ಲಿಯವರೆಗೆ ನೋಟ್ ಎಂಬ ಬೇರೆ ವಂಶದ ಸೊತ್ತು. ವಾರಗಳ ಮುಂಚೆಯೇ ಜಗತ್ತಿಗೆ ವಿಷಯ ಗೊತ್ತಾಗಿ, 2021ರ ಜನವರಿಯಲ್ಲಿ ಎಸ್21 ಅಲ್ಟ್ರಾ ಬಿಡುಗಡೆ ಮಾಡಿ ಘೋಷಿಸಿದಾಗ ಯಾರೂ ಹುಬ್ಬೇರಿಸಲಿಲ್ಲ. ನೋಟ್ ವಂಶ ಅಲ್ಲಿಗೆ ಮುಗಿಯಿತು ಎಂಬುದನ್ನು ಎಷ್ಟೋ ಜನ ಆ ಸಾಲಿನಿಂದಲೇ ಊಹಿಸಿದ್ದರು. ನಮ್ಮ ಸೋದರತ್ತೆ ಇದ್ದಿದ್ದರೆ ಅವರೂ ಊಹಿಸುತ್ತಿದ್ದರು.

ಈ ವರದಿಗಳಲ್ಲಿ ನನಗೆ ಬಹಳ ಇಷ್ಟವಾದ ಪಾತ್ರ ಸ್ಯಾಮ್. ಫೋನು ಕಿವಿಗಿಟ್ಟುಕೊಂಡಾಗ ತಲೆಗೆ ಎಷ್ಟು ವಿಕಿರಣ ಇಳಿಯುತ್ತದೆಂದು ಅಳೆಯಬೇಕಲ್ಲ, ಅದಕ್ಕೆ ಮನುಷ್ಯನನ್ನು ಕೂರಿಸುವುದಿಲ್ಲ. ಪ್ಲಾಸ್ಟಿಕ್ಕಿನ ಒಂದು ಟೊಳ್ಳು ತಲೆ ಇದೆ, ಅದರ ಹೆಸರು ಸ್ಯಾಮ್. 1980ರ ದಶಕದ ಕೊನೆಯಲ್ಲಿ ಅಮೆರಿಕದ ಸೈನಿಕರ ತಲೆಗಳನ್ನು ಅಳೆದ ಲೆಕ್ಕದ ಮೇಲೆ ಅದರ ಆಕಾರ ನಿಗದಿಯಾಗಿದೆ. ಒಳಗೆ ತುಂಬುವ ದ್ರವ ಮಿದುಳಿನ ವಿದ್ಯುತ್ ಗುಣವನ್ನು ಹೋಲಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಪಾಕಗಳಲ್ಲಿ ಮುಖ್ಯವಾಗಿ ಇರುವುದು ನೀರು, ಸಕ್ಕರೆ, ಉಪ್ಪು. ಅಂದರೆ ವಿಜ್ಞಾನದ ಕಣ್ಣಲ್ಲಿ ನಮ್ಮ ತಲೆಯೊಳಗಿರುವುದು ನಿಂಬೆಹಣ್ಣು ಹಿಂಡುವುದೊಂದು ಬಾಕಿ ಇರುವ ಪಾನಕ. ಕಿವಿಯ ಬಳಿ ಫೋನು ಇಟ್ಟು, ರೋಬಾಟಿನ ಕೈಯಿಂದ ಆ ಪಾನಕದೊಳಗೆ ಕಡ್ಡಿ ಆಡಿಸಿ ಅಳೆಯುತ್ತಾರೆ. ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಮೀರಕೂಡದೆಂಬುದು ಅಮೆರಿಕದ ಮಿತಿ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ್ದೂ ಅದೇ. ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ಹಲವು ಫೋನುಗಳು ತಮ್ಮ ಅಂಕ ಎಷ್ಟೆಂದು ತಾವೇ ಹೇಳುತ್ತವೆ. ಅಕ್ಕನಿಗೆ ಇದನ್ನು ತೋರಿಸಿದೆ. ‘ಇವನ ತಲೆಯಲ್ಲಿ ಸಕ್ಕರೆನೀರು ಇದೆ ಅಂತ ನಾನು ಮೊದಲೇ ಹೇಳಿರಲಿಲ್ವಾ’ ಎಂದು ಮಗನ ಕಡೆ ನೋಡಿದಳು.

ಕಚೇರಿ ಕಚೇರಿಗೂ ಒಂದೊಂದು ಸ್ವಭಾವ. ಚೀನಾದ ಟೆನಾ ಎಂಬ ಸಂಸ್ಥೆ ಕೈ ಬಿಚ್ಚಿ ಬಡಿಸುತ್ತದೆ. ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಫೋಟೊ, ಉದ್ದ ಅಗಲ ದಪ್ಪ, ಗ್ರಾಂ ಲೆಕ್ಕದಲ್ಲಿ ತೂಕ, ಪರದೆ, ಕ್ಯಾಮೆರಾ, ಯಾವ ಯಾವ ಬಣ್ಣ, ಎಲ್ಲ. ಅದೇ ದೇಶದ 3ಸಿ ಎಂಬ ಇನ್ನೊಂದು ಗುರುತಿನ ಕಡತದಲ್ಲಿ ಚಾರ್ಜರು ಎಷ್ಟು ವ್ಯಾಟಿನದೆಂಬ ಮಾಹಿತಿ ಇರುತ್ತದೆ. ಥಾಯ್ಲೆಂಡಿನವರು ಮಾದರಿ ಸಂಖ್ಯೆಯ ಪಕ್ಕದಲ್ಲೇ ಮಾರಾಟದ ಹೆಸರನ್ನೂ ಬರೆದು ಒಗಟು ಬಿಡಿಸುವ ಸುಖವನ್ನೇ ಕಸಿದುಕೊಳ್ಳುತ್ತಾರೆ. ಬ್ರೆಜಿಲಿನ ಅನಾಟೆಲ್ ಬ್ಯಾಟರಿಯ ವಿಷಯದಲ್ಲಿ ಉದಾರಿ. ಯುರೋಪು ತಡವಾಗಿ ಬಂದರೂ ಗಟ್ಟಿಯಾಗಿ ಬಂದಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಫೋನಿಗೆ ಫ್ರಿಜ್ಜಿನ ಹಾಗೆ ವಿದ್ಯುತ್ ಲೇಬಲ್ ಕಡ್ಡಾಯ. ಒಮ್ಮೆ ಚಾರ್ಜು ಮಾಡಿದರೆ ಎಷ್ಟು ಹೊತ್ತು, ಬಿದ್ದರೆ ಎಷ್ಟು ಗಟ್ಟಿ, ರಿಪೇರಿಗೆ ಎಷ್ಟು ಸುಲಭ ಎಂದು ದರ್ಜೆ ಕೊಟ್ಟು ಸಾರ್ವಜನಿಕ ದಾಖಲೆಯಲ್ಲಿ ಇಡುತ್ತಾರೆ.

ಯುರೇಷಿಯನ್ ಆರ್ಥಿಕ ಆಯೋಗದ ಪುಸ್ತಕ ಮಾತ್ರ ಗುಪ್ತಚರ ಕಾದಂಬರಿಯಿಂದ ಹರಿದುಕೊಂಡು ಬಂದ ಹಾಳೆ. ರಷ್ಯಾ, ಬೆಲಾರೂಸ್, ಕಝಾಕ್‌ಸ್ತಾನ್, ಅರ್ಮೇನಿಯಾ, ಕಿರ್ಗಿಸ್ತಾನ್ ಈ ಐದು ದೇಶಗಳ ಕೂಟವದು. ಸಂಕೇತಲಿಪಿ, ಅಂದರೆ ಎನ್‌ಕ್ರಿಪ್ಷನ್ ಇರುವ ಯಾವ ವಸ್ತು ಒಳಬರುವುದಿದ್ದರೂ ಮೊದಲೇ ತಿಳಿಸಬೇಕೆಂದು ಅವರ ಕಾನೂನು. ಗೂಢಚಾರರ ಯಂತ್ರ ನುಸುಳೀತು ಎಂಬ ಭಯಕ್ಕೆ ಮಾಡಿದ ಕಾನೂನಿಗೆ ಈಗ ವೈರ್‌ಲೆಸ್ ಕೀಬೋರ್ಡುಗಳೂ ಸಿಕ್ಕಿಬೀಳುತ್ತವೆ. ಅಲ್ಲಿ ಫೋಟೊ ಇಲ್ಲ, ವಿವರ ಇಲ್ಲ. ‘ಎ’ ಅಕ್ಷರದ ಮುಂದೆ ನಾಲ್ಕು ಅಂಕಿಯ ಒಂದಿಷ್ಟು ಮಾದರಿ ಸಂಖ್ಯೆಗಳು, ರಷ್ಯನ್ ಭಾಷೆಯಲ್ಲಿ ಎರಡು ಸಾಲು. ಆ್ಯಪಲ್ ಕಂಪನಿ ಎಫ್‌ಸಿಸಿಯಲ್ಲಿ ಈಗ ಬಿಡುಗಡೆಯ ಹೊತ್ತಿಗೆ ಸರಿಯಾಗಿ ಕಡತ ತೆರೆಯುವಂತೆ ನೋಡಿಕೊಳ್ಳುತ್ತದಾದ್ದರಿಂದ, ಅದರ ಭಕ್ತರಿಗೆ ಈ ಎರಡು ಸಾಲೇ ಗತಿ. ಇಷ್ಟು ಸಂಖ್ಯೆ ಇದೆ ಅಂದಮೇಲೆ ಇಷ್ಟು ಮಾದರಿ, ಈ ತಿಂಗಳು ಬಂದಿದೆ ಅಂದಮೇಲೆ ಮುಂದಿನ ತಿಂಗಳು ಬಿಡುಗಡೆ, ಎಂದು ಪಂಚಾಂಗ ಹಿಡಿದವರಷ್ಟೇ ಗಾಂಭೀರ್ಯದಿಂದ ಗುಣಿಸಿ ಭಾಗಿಸುತ್ತಾರೆ. ಪಂಚಾಂಗದವರಿಗಿಂತ ಇವರದು ಹೆಚ್ಚು ಸರಿ ಹೋಗುತ್ತದೆ ಎಂದು ಹೇಳಿದರೆ ನಮ್ಮ ಪುರೋಹಿತರು ಬೇಸರ ಮಾಡಿಕೊಳ್ಳಬಾರದು.

ನಮ್ಮ ದೇಶದ ಪುಸ್ತಕ ಇರುವುದು ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಮಾನಕ ಭವನದಲ್ಲಿ. ಭಾರತೀಯ ಮಾನಕ ಬ್ಯೂರೊ, ಬಿಐಎಸ್. ಕುಕ್ಕರಿಗೂ ಹೆಲ್ಮೆಟ್ಟಿಗೂ ಐಎಸ್‌ಐ ಮುದ್ರೆ ಕೊಡುವುದು ಇವರೇ. ಬೆಂಗಳೂರಿನವರಿಗೆ ಪೀಣ್ಯದಲ್ಲಿ ಇದರ ಶಾಖೆಯಿದೆ. 2012ರಲ್ಲಿ ಎಲೆಕ್ಟ್ರಾನಿಕ್ ವಸ್ತುಗಳಿಗೆ ಕಡ್ಡಾಯ ನೋಂದಣಿಯ ಆದೇಶ ಹೊರಟಾಗ ಪಟ್ಟಿಯಲ್ಲಿದ್ದವು 15 ಬಗೆ, ಮೊಬೈಲು ಆಮೇಲೆ ಸೇರಿಕೊಂಡಿತು. ಇವರ ಚಿಂತೆ ರೇಡಿಯೊ ಅಲೆಯದಲ್ಲ, ಸುರಕ್ಷತೆಯದು. ಬಿಸಿಯಾಗುತ್ತದೋ, ಶಾಕ್ ಹೊಡೆಯುತ್ತದೋ, ಹೊತ್ತಿಕೊಳ್ಳುತ್ತದೋ. ಪಾಸಾದರೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ.

ಬಿಐಎಸ್ ಮಿತಭಾಷಿ. ಫೋಟೊ ಕೊಡುವುದಿಲ್ಲ, ಬಣ್ಣ ಹೇಳುವುದಿಲ್ಲ, ಕ್ಯಾಮೆರಾ ಎಷ್ಟೆಂದು ಕೇಳಿದರೆ ಮುಖ ತಿರುಗಿಸುತ್ತದೆ. ಬ್ರ್ಯಾಂಡು, ಮಾದರಿ ಸಂಖ್ಯೆ, ಕಾರ್ಖಾನೆ, ಇಷ್ಟೇ. ಇಷ್ಟರಿಂದಲೇ ‘ಭಾರತಕ್ಕೆ ಶೀಘ್ರದಲ್ಲಿ!’ ಎಂಬ ತಲೆಬರಹ ಹುಟ್ಟುತ್ತದೆ. ಶೀಘ್ರ ಅನ್ನುವುದೇನೂ ಸುಳ್ಳಲ್ಲ, ಇಲ್ಲಿ ಮಾರುವ ಉದ್ದೇಶವಿಲ್ಲದೆ ಯಾರೂ ಇಲ್ಲಿ ನೋಂದಣಿ ಮಾಡಿಸುವ ತಾಪತ್ರಯಕ್ಕೆ ಬೀಳುವುದಿಲ್ಲ. ಇನ್ನು ಸಂಖ್ಯೆ ಬಿಡಿಸುವುದೊಂದು ವಿದ್ಯೆ. ಸ್ಯಾಮ್‌ಸಂಗಿನ ಎಸ್23ಕ್ಕೆ 911, ಎಸ್24ಕ್ಕೆ 921 ಇದ್ದವು. ಹಾಗಾದರೆ 931 ಯಾವುದೆಂದು ಮೂರನೇ ತರಗತಿಯ ಮಗುವೂ ಹೇಳೀತು. ಕೊನೆಯ ಡಿಎಸ್ ಅಂದರೆ ಎರಡು ಸಿಮ್ಮು. ನನ್ನ ಸೋದರಳಿಯ ಕಾಫಿ ಚೆಲ್ಲಿಕೊಂಡು ಓಡಿಬಂದದ್ದು ಈ ಸಂಖ್ಯೆಗೆ.

ನನಗೆ ಅದಕ್ಕಿಂತ ಸ್ವಾರಸ್ಯ ಕಂಡದ್ದು ಕಾರ್ಖಾನೆಯ ಕಾಲಂನಲ್ಲಿ. ನೋಂದಣಿ ಕೊಡುವುದು ಬ್ರ್ಯಾಂಡಿನ ಹೆಸರು ನೋಡಿ ಅಲ್ಲ, ತಯಾರಿಸುವ ಜಾಗ ನೋಡಿ. ಒಂದೇ ವಸ್ತು ಎರಡು ಕಾರ್ಖಾನೆಯಲ್ಲಿ ತಯಾರಾದರೆ ಎರಡು ಬೇರೆ ನೋಂದಣಿ. ಈ ಕಾಲಂನಲ್ಲಿ ಒಂದು ಕಾಲಕ್ಕೆ ಸಾಲಾಗಿ ಚೀನಾದ ಊರುಗಳೇ ಇರುತ್ತಿದ್ದವು. ಈಗ ಐಫೋನುಗಳು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿ ಕಡೆ ಜೋಡಣೆಯಾಗುತ್ತಿವೆ. ರೇಷ್ಮೆ, ಟೊಮೆಟೊ, ಹಾಲಿಗೆ ಹೆಸರಾದ ಸೀಮೆಯಿದು. ಎರಡು ಫರ್ಲಾಂಗ್ ಆಚೆ ತಯಾರಾಗುವ ವಸ್ತು ಹೇಗಿರುತ್ತದೆಂದು ಊರವರಿಗೆ ತಿಳಿಯುವುದು ಮಾತ್ರ ಕ್ಯಾಲಿಫೋರ್ನಿಯಾದ ವೇದಿಕೆಯಿಂದ.

ಅರ್ಜಿಯಿಂದ ಫೋನು ಬರುತ್ತದೆಂದು ತಿಳಿಯುವ ಹಾಗೆಯೇ ಬರುವುದಿಲ್ಲವೆಂದೂ ತಿಳಿಯಬಹುದು. ಇದಕ್ಕೆ ಗೂಗಲ್ಲಿನ ರಡಾರ್ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸೋಲಿ ಎಂಬ ಪುಟ್ಟ ರಡಾರ್ ಚಿಪ್ಪನ್ನು ಗೂಗಲ್ ಮಾಡಿತ್ತು. ಫೋನನ್ನು ಮುಟ್ಟದೆ, ಗಾಳಿಯಲ್ಲಿ ಕೈ ಬೀಸಿದರೆ ಸಾಕು, ಹಾಡು ಬದಲಾಗಬೇಕು, ಅಲಾರಂ ಸುಮ್ಮನಾಗಬೇಕು. ಅದಕ್ಕೆ 57ರಿಂದ 64 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಿಯಮಕ್ಕಿಂತ ಹೆಚ್ಚು ಶಕ್ತಿ ಬೇಕಾಗಿತ್ತು. 2018ರಲ್ಲಿ ಗೂಗಲ್ ಎಫ್‌ಸಿಸಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಿತು. ಫೇಸ್‌ಬುಕ್ ತಕರಾರು ತೆಗೆಯಿತು. ಇಬ್ಬರೂ ಕೂತು ಮಾತಾಡಿ ಶಕ್ತಿಯ ಮಟ್ಟದಲ್ಲಿ ರಾಜಿಯಾದರು. ಆ ವರ್ಷದ ಕಟ್ಟಕಡೆಯ ದಿನ, ಡಿಸೆಂಬರ್ 31ರಂದು, ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. ಜಗತ್ತು ಹೊಸ ವರ್ಷದ ಕೇಕು ಕತ್ತರಿಸುತ್ತಿದ್ದಾಗ ನಮ್ಮ ಪಂಗಡದವರು ಈ ಆದೇಶ ಓದುತ್ತಾ, ಗೂಗಲ್ಲಿನ ಫೋನಿಗೆ ರಡಾರ್ ಬರುತ್ತದೆಂದು ಷರಾ ಬರೆಯುತ್ತಿದ್ದರು. 2019ರ ಅಕ್ಟೋಬರಿನಲ್ಲಿ ಪಿಕ್ಸೆಲ್ 4 ಬಂತು, ರಡಾರೂ ಬಂತು.

ಭಾರತಕ್ಕೆ ಮಾತ್ರ ಬರಲಿಲ್ಲ. ನಮ್ಮಲ್ಲಿ 60 ಗಿಗಾಹರ್ಟ್ಸ್ ಪಟ್ಟಿಯನ್ನು ಹಾಗೆ ಬಳಸಲು ಅನುಮತಿ ಇರಲಿಲ್ಲ, ಅದೇ ಕಾರಣವೆಂದು ಆಗ ಎಲ್ಲೆಡೆ ವರದಿಯಾಯಿತು. ನಮ್ಮಲ್ಲಿ ರೇಡಿಯೊ ಅಲೆಗಳ ಯಜಮಾನಿಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಎಂಬ ವಿಭಾಗದ್ದು, ದೆಹಲಿಯ ಸಂಚಾರ ಭವನದಲ್ಲಿ. ಅಲ್ಲಿಯ ಅನುಮತಿಪಟ್ಟಿಯಲ್ಲಿ ಆ ಪಟ್ಟಿ ಇಲ್ಲವೆಂದು ಮೊದಲೇ ನೋಡಿಕೊಂಡಿದ್ದವರು ಕಾಯುವ ಗೋಜಿಗೇ ಹೋಗಲಿಲ್ಲ. ಉಳಿದವರು ಬಾಯಿ ಚಪ್ಪರಿಸಿದರು. ತಮಾಷೆಯೆಂದರೆ ಆ ರಡಾರ್ ಬಂದ ಕಡೆಯಲ್ಲೂ ಯಾರಿಗೂ ಅದರ ಮೇಲೆ ಅಂಥ ಮಮತೆ ಹುಟ್ಟಲಿಲ್ಲ. ಗಾಳಿಯಲ್ಲಿ ಕೈ ಬೀಸುವವನನ್ನು ಕಂಡರೆ ಪಕ್ಕದವರು ನೊಣ ಓಡಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಮರುವರ್ಷದ ಪಿಕ್ಸೆಲ್ 5ರಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು.

ಹೆಸರಿನ ಗುಟ್ಟು ಕಾಯುವ ಆಟ ಇನ್ನೂ ಸೊಗಸು. ಹೊಸ ವಸ್ತುವಿಗೆ ಹೆಸರಿಟ್ಟು ಟ್ರೇಡ್‌ಮಾರ್ಕ್ ಹಾಕಿಸಬೇಕು, ಹಾಕಿಸಿದರೆ ಅಮೆರಿಕದ ದಾಖಲೆಯಲ್ಲಿ ಬೇಗನೆ ಕಾಣುತ್ತದೆ. ಪ್ಯಾರಿಸ್ ಒಪ್ಪಂದದ ಪ್ರಕಾರ ಒಂದು ಸದಸ್ಯ ದೇಶದಲ್ಲಿ ಅರ್ಜಿ ಹಾಕಿದ ಮೇಲೆ ಆರು ತಿಂಗಳೊಳಗೆ ಬೇರೆ ದೇಶದಲ್ಲಿ ಹಾಕಿದರೂ ಮೊದಲ ತಾರೀಖೇ ಲೆಕ್ಕಕ್ಕೆ. ಹಾಗಾಗಿ ದೊಡ್ಡ ಕಂಪನಿಗಳ ವಕೀಲರು ಜಮೈಕಾ, ಟ್ರಿನಿಡಾಡ್ ಕಡೆ ಮುಖ ಮಾಡಿದರು. ಕ್ರಿಕೆಟ್ ನೋಡಲು ಅಲ್ಲ. ಅಲ್ಲಿಯ ಟ್ರೇಡ್‌ಮಾರ್ಕ್ ಪುಸ್ತಕವನ್ನು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹುಡುಕುವುದು ಸುಲಭವಿರಲಿಲ್ಲ, ಅದಕ್ಕೆ. ಐಫೋನ್ ಎಂಬ ಹೆಸರಿಗೆ 2006ರಲ್ಲಿ ಟ್ರಿನಿಡಾಡ್‌ನಲ್ಲಿ ಅರ್ಜಿ ಬಿತ್ತು. ಆಮೇಲೆ ಅಮೆರಿಕದಲ್ಲಿ ಅದಕ್ಕೆ ಅರ್ಜಿ ಹಾಕಿದ್ದು ಓಷನ್ ಟೆಲಿಕಾಂ ಸರ್ವೀಸಸ್ ಎಂಬ ಕಾಗದದ ಕಂಪನಿ. ಐಪ್ಯಾಡ್ ಸರದಿಯಲ್ಲಿ ಮುಂದೆ ಬಂದ ಕಾಗದದ ಕಂಪನಿಯ ಹೆಸರು ಐಪಿ ಅಪ್ಲಿಕೇಶನ್ ಡೆವಲಪ್‌ಮೆಂಟ್. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ನೋಡಿ: ಐ, ಪಿ, ಎ, ಡಿ. ಇಷ್ಟು ದೂರ ಹಡಗು ಹತ್ತಿಸಿ ಬಚ್ಚಿಟ್ಟ ಗುಟ್ಟನ್ನು ಯಾರೋ ವಕೀಲರು ಹಣೆಯ ಮೇಲೇ ಬರೆದಿಟ್ಟಿದ್ದರು. ಅದು ಮರೆವೋ, ತುಂಟತನವೋ? ನನಗೆ ತುಂಟತನವೆಂದೇ ನಂಬಲು ಇಷ್ಟ.

ಇಷ್ಟೆಲ್ಲ ಓದಿ ಆದ ಲಾಭವೇನೆಂದು ಅಕ್ಕ ಆಗಾಗ ಕೇಳುತ್ತಾಳೆ. ನಷ್ಟವಂತೂ ಅವಳ ಮನೆಯಲ್ಲಿ ಕಣ್ಣಿಗೆ ಕಾಣುವಂತಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬುದನ್ನು ನಾವು ಬೈಗುಳವಾಗಿ ಬಳಸುತ್ತೇವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೊಂದು ವ್ಯಾಪಾರ. ಸೋರಿದ ಅಳತೆಗಳನ್ನು ನಂಬಿ, ಬಿಡುಗಡೆಯಾಗದ ಫೋನಿಗೆ ಹಿಂಬದಿಯ ಕವರು ಮೊದಲೇ ಅಚ್ಚು ಹಾಕಿ ಮಾರುತ್ತಾರೆ. ನನ್ನ ಸೋದರಳಿಯನ ಕಪಾಟಿನಲ್ಲಿ ಅಂಥ ಕುಲಾವಿಗಳ ಒಂದು ರಾಶಿಯಿದೆ, ಕೂಸು ಒಂದೂ ಇಲ್ಲ. ಯಾಕೆಂದರೆ ಫೋನು ಅಂಗಡಿಗೆ ಬರುವ ಹೊತ್ತಿಗೆ ಅದರ ಮುಂದಿನ ಮಾದರಿಯ ನಂಬರು ಯಾವುದೋ ದೇಶದ ಪುಸ್ತಕದಲ್ಲಿ ಬಂದುಬಿಟ್ಟಿರುತ್ತದೆ. ‘ಇದು ಬೇಡ ಮಾವ, ಮುಂದಿನದು ಟೆನಾದಲ್ಲಿ ಬಂದಾಗಿದೆ’ ಅನ್ನುತ್ತಾನೆ. ಅವನ ಕೈಯಲ್ಲಿರುವುದು ಗಾಜು ಸೀಳಿದ ಹಳೆಯ ಫೋನು. ಹೀಗೆ ನೋಡಿದರೆ ದುಂದುವೆಚ್ಚಕ್ಕೆ ಇದರಷ್ಟು ಒಳ್ಳೆಯ ಮದ್ದು ಇಲ್ಲ.

ಕಡತದಲ್ಲಿ ಬೆಲೆ ಇರುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹರ್ಟ್ಸ್, ವ್ಯಾಟ್, ಗ್ರಾಂ, ಮಿಲಿಮೀಟರು ಎಲ್ಲ ತಿಳಿಸುವ ಗುಮಾಸ್ತನಿಗೆ ರೂಪಾಯಿ ಗೊತ್ತಿಲ್ಲ. ಫೋನು ಚೆನ್ನಾಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಅವನ ಪುಸ್ತಕ ಹುಟ್ಟಿದ್ದೂ ನಮ್ಮ ಕುತೂಹಲಕ್ಕಲ್ಲ. ಯಾರ ಮನೆಯಲ್ಲೂ ಚಾರ್ಜರು ಹೊತ್ತಿಕೊಳ್ಳದಿರಲಿ, ವಿಮಾನದ ರೇಡಿಯೊಗೆ ಯಾರ ಆಟಿಕೆಯೂ ಅಡ್ಡ ಬರದಿರಲಿ ಎಂದು ಇಟ್ಟ ಲೆಕ್ಕ ಅದು. ಸಾರ್ವಜನಿಕರು ನೋಡಲಿ ಎಂದೇ ತೆರೆದಿಟ್ಟಿದ್ದಾರೆ. ನಾವು ಸಾರ್ವಜನಿಕರು ಮಾತ್ರ ಬರಲಿರುವ ಫೋನಿಗಾಗಿ ಅದನ್ನು ಜಾಲಾಡುತ್ತೇವೆಯೇ ಹೊರತು ಕೈಯಲ್ಲಿರುವ ಚಾರ್ಜರಿಗಾಗಿ ಒಮ್ಮೆಯೂ ತೆರೆಯುವುದಿಲ್ಲ.

ಈ ವಿಷಯದಲ್ಲಿ ಅಕ್ಕ ನಮ್ಮಿಬ್ಬರಿಗಿಂತ ಜಾಣೆ. ಬಿಐಎಸ್ ಕೇರ್ ಎಂಬ ಆ್ಯಪು ಅವಳ ಫೋನಿನಲ್ಲಿ ಬಹಳ ದಿನದಿಂದ ಇದೆ. ಬಳೆಯ ಮೇಲೆ ಕೊರೆದಿರುವ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳನ್ನು ಅದರಲ್ಲಿ ಒತ್ತಿ ಚಿನ್ನ ಅಪ್ಪಟವೋ ಎಂದು ಅಂಗಡಿಯಲ್ಲೇ ನೋಡಿಕೊಳ್ಳುತ್ತಾಳೆ. ಅದೇ ಆ್ಯಪಿನಲ್ಲಿ ‘ಆರ್’ ಸಂಖ್ಯೆಯನ್ನು ಪರಿಶೀಲಿಸುವ ಜಾಗವೂ ಇದೆ. ನಿಮ್ಮ ಚಾರ್ಜರನ್ನೋ ಪವರ್ ಬ್ಯಾಂಕನ್ನೋ ತಿರುಗಿಸಿ, ಕನ್ನಡಕ ಹಾಕಿಕೊಂಡು, ಬೆನ್ನ ಮೇಲಿನ ಆ ಎಂಟು ಅಂಕಿಗಳನ್ನು ಒತ್ತಿ ನೋಡಿ. ಹೆಸರು, ಮಾದರಿ, ಕಾರ್ಖಾನೆ ತಾಳೆಯಾದರೆ ಸರಿ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಬೇರೆ ಯಾರದೋ ಹೆಸರು ಬಂದರೆ, ರಾತ್ರಿ ಅದನ್ನು ದಿಂಬಿನ ಪಕ್ಕ ಸಿಕ್ಕಿಸಿಕೊಂಡು ಮಲಗಬೇಡಿ.